ಕಟಿಂಗ್ ಮಾಸ್ತರರ ರವಿವಾರ

ಅವರ ಹತ್ತೂ ಬೆರಳು ನೆಟ್ಟಗಿದ್ದವು. ಮುಪ್ಪಿನಲ್ಲೂ ನೆಟ್ಟಗಿದ್ದವು. ಕಾಗದ ಕತ್ತರಿಸುವ ಯಂತ್ರದ ಮುಂದೆ ಅಷ್ಟು ವರ್ಷ ನಿಂತವರ ಕೈ ಸಾಮಾನ್ಯವಾಗಿ ಹಾಗಿರುವುದಿಲ್ಲ. ಗದಗಿನ ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ ನಾನು ಕಂಡ ಕಟಿಂಗ್ ಮಾಸ್ತರರಲ್ಲಿ ಒಬ್ಬನಿಗೆ ಒಂಬತ್ತು ಬೆರಳು, ಇನ್ನೊಬ್ಬನಿಗೆ ಎಂಟೂವರೆ. ನಮ್ಮ ಮಾಸ್ತರರಿಗೆ ಹತ್ತು. ಉಗುರು ತೀರ ಗಿಡ್ಡ, ಬೆರಳ ಸಂದಿಯಲ್ಲಿ ಕಾಗದದ ಬಿಳಿ ಪುಡಿ. ಎಷ್ಟು ತೊಳೆದರೂ ಅದು ಹೋಗುತ್ತಿರಲಿಲ್ಲ. ಅವರು ಹಿಡಿದ ಚಹಾದ ಕಪ್ಪಿನ ಮೇಲೆ ಹಿಟ್ಟಿನ ಕೈ ಇಟ್ಟಂತೆ ಗುರುತು ಬೀಳುತ್ತಿತ್ತು.

ನಾನು ಆ ಪ್ರೆಸ್ಸಿನ ಬೈಂಡಿಂಗಿನಲ್ಲಿದ್ದವಳು. ಹಾಳೆ ಮಡಚುವುದು, ಹೊಲಿಯುವುದು, ಅಂಟು ಹಚ್ಚುವುದು ನನ್ನ ಕೆಲಸ. ಕಲಿತದ್ದು ನಾಲ್ಕನೆಯ ಇಯತ್ತೆ. ಗಂಡ ಬೆಟಗೇರಿಯಲ್ಲಿ ಸೀರೆ ನೇಯುತ್ತಿದ್ದ. ಮಗ್ಗ ನಿಂತ ಮೇಲೆ ಅವನೂ ನಿಂತ. ಮನೆ ನಾನೇ ನಡೆಸಿದೆ. ಇದನ್ನು ಬರೆಯುವಾಗ ಕಾಗುಣಿತ ತಿದ್ದಿದ್ದು ಮೊಮ್ಮಗಳು. ಮಾತು ತಿದ್ದಲು ನಾನು ಬಿಟ್ಟಿಲ್ಲ.

ಮಾಸ್ತರರು ಕ್ರಿಶ್ಚಿಯನ್ನರು. ಅವರ ಮನೆಯೂ ಬೆಟಗೇರಿಯಲ್ಲೇ, ಚರ್ಚಿನ ಹಿಂದಿನ ಓಣಿಯಲ್ಲಿ. ತಮ್ಮ ಧರ್ಮವನ್ನು ಅವರು ಸಾರುತ್ತಲೂ ಇರಲಿಲ್ಲ, ಮುಚ್ಚಿಡುತ್ತಲೂ ಇರಲಿಲ್ಲ. ಯಾರನ್ನಾದರೂ ಚರ್ಚಿಗೆ ಕರೆದದ್ದು ನಾನು ಕೇಳಿಲ್ಲ. ಎಲ್ಲರಿಗಿಂತ ಮೊದಲು ಬಂದು ಯಂತ್ರ ಒರೆಸುತ್ತಿದ್ದರು. ಒರೆಸಿ, ಅದರ ಕಬ್ಬಿಣದ ಮೇಜಿನ ಮೇಲೆ ಅಂಗೈ ಊರಿ, ಒಂದು ಉಸಿರಿನಷ್ಟು ಹೊತ್ತು ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಮೋಟಾರಿನ ಡಬ್ಬಿಯ ಕೀಲಿ ತೆಗೆಯುತ್ತಿದ್ದರು. ಆ ಕೀಲಿ ಅವರ ಸೊಂಟದಲ್ಲೇ ಇರುತ್ತಿತ್ತು. ಮಾಲಕರೂ ಅದನ್ನು ಮುಟ್ಟುತ್ತಿರಲಿಲ್ಲ.

ಚಹಾ ಬಂದರೂ ಮೊದಲು ತಲೆ ಬಗ್ಗಿಸುತ್ತಿದ್ದರು. ಅಚ್ಚಿನ ಯಂತ್ರ ನಡೆಸುವ ಮುಸಲ್ಮಾನನೊಬ್ಬನಿದ್ದ, ನಾವೆಲ್ಲ ಅವನಿಗೆ ಚಾಚಾ ಎನ್ನುತ್ತಿದ್ದೆವು. ಅವನಿಗೆ ಮಾಸ್ತರರನ್ನು ಕೆಣಕದಿದ್ದರೆ ಚಹಾ ಇಳಿಯುತ್ತಿರಲಿಲ್ಲ.

"ಮಾಸ್ತರ, ಚಾ ಆರಾಕತ್ತೈತಿ. ನಿನ್ನ ದೇವ್ರಿಗೆ ಒಂದಿಷ್ಟ ಜಲ್ದಿ ಮುಗಸು ಅನ್ನು."

"ಅವ್ನಿಗೇನೂ ಅವಸರಿಲ್ಲೋ ಚಾಚಾ. ನಿನಗ ಅವಸರಿದ್ರ ನೀ ಕುಡಿ."

ದಸರೆಯಲ್ಲಿ ಯಂತ್ರಗಳಿಗೆ ಪೂಜೆ. ಹಿಂದಿನ ದಿನ ಮಾಸ್ತರರು ತಮ್ಮ ಯಂತ್ರವನ್ನು ಸೀಮೆಎಣ್ಣೆ ಹಾಕಿ, ಹಲ್ಲು ಹಲ್ಲೂ ಬಿಡದೆ ತೊಳೆಯುತ್ತಿದ್ದರು. ಪೂಜೆಯ ಹೊತ್ತಿಗೆ ಹೊರಗೆ ನಿಲ್ಲುತ್ತಿದ್ದರು. ಒಂದು ವರ್ಷ ಮಾಲಕರು ಒಳಗೆ ಕರೆದಾಗ, "ತೊಳಿಯೂದು ನನ್ನ ಪೂಜಿ ಆತ್ರಿ. ಕುಂಕುಮ ನಿಮ್ಮದು, ನೀವು ಹಚ್ರಿ" ಎಂದರು. ಬಾಳೆಹಣ್ಣು ಮಾತ್ರ ತಿಂದರು.

ಗಿರಾಕಿ ತಾನೇ ಕಾಗದ ತಂದುಕೊಟ್ಟರೆ, ಕತ್ತರಿಸಿ ಉಳಿದ ತುಂಡು ಪ್ರೆಸ್ಸಿಗೇ ಸೇರುವುದು ಗದಗಿನಲ್ಲೆಲ್ಲ ನಡೆದುಬಂದದ್ದು. ನಮ್ಮ ಮಾಸ್ತರರು ಆ ತುಂಡುಗಳನ್ನು ಒಂದೇ ಅಳತೆಗೆ ಕತ್ತರಿಸಿ, ನನ್ನ ಕೈಲಿ ಅಂಟು ಹಚ್ಚಿಸಿ, ಚೀಟಿಯ ಪುಸ್ತಕ ಮಾಡಿ ಗಿರಾಕಿಗೆ ಕೊಟ್ಟುಬಿಡುತ್ತಿದ್ದರು. ಮಾಲಕರು ಒಮ್ಮೆ ಬೈದರು. "ಅವರ ಕಾಗದ ಅವರಿಗೆ ಮುಟ್ಟಿತು, ಅಷ್ಟರಿ" ಎಂದು ಮುಂದಿನ ಕಾಗದದ ದಿಂಡಿಗೆ ಕೈ ಹಾಕಿದರು.

ಇಷ್ಟು ಕೇಳಿ ಸಂತ ಎಂದುಕೊಳ್ಳಬೇಡಿ. ಗಂಟುಮೋರೆಯ ಮನುಷ್ಯ. ಬೇರೆಯವರ ಕೆಲಸ ಅವರಿಗೆ ಒಪ್ಪುತ್ತಲೇ ಇರಲಿಲ್ಲ. ನಾನು ಸೇರಿದ ಹೊಸದರಲ್ಲಿ, ಅಂಚು ಮಡಚಿಕೊಂಡ ಹಾಳೆಯೊಂದನ್ನು ಸರಿಮಾಡಲು ಯಂತ್ರದೊಳಗೆ ಕೈ ಚಾಚಿದೆ. ಕಟ್ಟಿಗೆಯ ಸ್ಕೇಲಿನಿಂದ ಮಣಿಕಟ್ಟಿಗೆ ಬಾರಿಸಿದರು. ಬಳೆ ಒಡೆದು ರಕ್ತ ಬಂತು. ಗಂಡ ಇರುವ ಹೆಂಗಸಿನ ಬಳೆ ಒಡೆಯುವುದೆಂದರೆ ಏನು? ನಾನು ಬಾಯಿ ಮಾಡಿದೆ.

"ಮುತ್ತೈದಿ ಬಳಿ ಒಡದ್ರೆಲ್ಲ, ನಿಮ್ಮ ಕೈಗೇನು ಬ್ಯಾನಿ ಬಂದೈತಿ?"

"ಬಳಿ ಪ್ಯಾಟ್ಯಾಗ ಸಿಗ್ತಾವ. ಬೆರಳ ಎಲ್ಲಿ ಸಿಗ್ತಾವ ಹೇಳು, ನಾನ ತಂದ ಕೊಡ್ತೀನಿ."

ಮರುದಿನ ಅವರ ಹೆಂಡತಿ ಹಸಿರು ಬಳೆ ಕಳಿಸಿದರು. ಮಾಸ್ತರರು ತಪ್ಪಾಯಿತು ಎನ್ನಲಿಲ್ಲ.

ಇನ್ನು ಅವರ ಕೈ ಎತ್ತಿಸುವ ಪದ್ಧತಿ. ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಇದರಿಂದಲೇ ಆದದ್ದು.

ಆ ಯಂತ್ರದಲ್ಲಿ ಕಾಗದದ ದಿಂಡು ಇಟ್ಟು ಮೇಲಿನ ಚಕ್ರ ತಿರುಗಿಸಿದರೆ ಒಂದು ಕಬ್ಬಿಣದ ಪಟ್ಟಿ ಇಳಿದು ದಿಂಡನ್ನು ಒತ್ತಿ ಹಿಡಿಯುತ್ತದೆ. ಆಮೇಲೆ ಹಿಡಿಕೆ ಎಳೆದರೆ ಬ್ಲೇಡು ಬೀಳುತ್ತದೆ. ಎಳೆಯುವ ಮುಂಚೆ ಮಾಸ್ತರರು "ಕೈ!" ಎಂದು ಕೂಗುತ್ತಿದ್ದರು. ಹತ್ತಿರ ಇದ್ದವರೆಲ್ಲ ಎರಡೂ ಕೈ ಭುಜದ ಮೇಲೆ ಎತ್ತಿ "ಮ್ಯಾಲ!" ಎನ್ನಬೇಕು. ಎಲ್ಲರ ಕೈ ಕಣ್ಣಿಗೆ ಬಿದ್ದ ಮೇಲೆ ಅವರು ಸಣ್ಣ ದನಿಯಲ್ಲಿ "ಸ್ತೋತ್ರ" ಎಂದು ಹಿಡಿಕೆ ಎಳೆಯುತ್ತಿದ್ದರು. ಸ್ತೋತ್ರ ಎಂದರೆ ಅವರಲ್ಲಿ ದೇವರಿಗೆ ವಂದನೆ. ದಿನಕ್ಕೆ ಎಷ್ಟು ಸಲ ಬ್ಲೇಡು ಬೀಳುತ್ತದೋ ಅಷ್ಟು ಸಲ ಕೈ, ಮ್ಯಾಲ, ಸ್ತೋತ್ರ.

ನಾವು ಅದನ್ನು ಅವರ ಪ್ರಾರ್ಥನೆ ಎಂದೇ ತಿಳಿದೆವು. ಚರ್ಚಿನಲ್ಲಿ ಅವರು ಹಾಗೆ ಕೈ ಎತ್ತುತ್ತಾರೆ ಎಂದು ಯಾರೋ ಹೇಳಿದ್ದರು. ಬೈಂಡಿಂಗಿನ ಹೆಂಗಸರಲ್ಲಿ ಕೆಲವರು, "ನಮ್ಮ ದೇವ್ರಿಗೇ ದಿನಕ್ಕೊಮ್ಮಿ ಕೈ ಮುಗಿಯಾಕ ವ್ಯಾಳ್ಯಾ ಇಲ್ಲ, ಇವರ ದೇವ್ರಿಗೆ ನೂರಾರು ಸಲ ಎತ್ತಬೇಕಂತ" ಎಂದು ಗೊಣಗುತ್ತಿದ್ದರು. ಚಾಚಾ ಅಂತೂ ಅಂಗಡಿಗೆ ಬಂದವರ ಮುಂದೆಲ್ಲ ಹೇಳುತ್ತಿದ್ದ: "ನಾ ದಿನಕ್ಕ ಐದು ಸಲ ನಮಾಜ ಮಾಡ್ತೀನಿ. ಈ ಮಾಸ್ತರ ಎಲ್ಲಾರ ಕಡಿಂದ ಐನೂರು ಸಲ ಮಾಡಸ್ತಾನ." ಮಾಸ್ತರರು ಮುಖ ಆ ಕಡೆ ತಿರುಗಿಸಿ ನಗುತ್ತಿದ್ದರು. ಅಲ್ಲ ಎನ್ನುತ್ತಿರಲಿಲ್ಲ.

ಧಾರವಾಡದಿಂದ ಒಡೆದು ಗದಗ ಬೇರೆ ಜಿಲ್ಲೆಯಾಯಿತು. ಬೇರೆಯವರಿಗೆ ಅದರಿಂದ ಏನು ಬಂತೋ, ಪ್ರೆಸ್ಸುಗಳಿಗೆ ಕೆಲಸ ಬಂತು. ಹಳೆಯ ನಮೂನೆ, ರಜಿಸ್ಟರು, ಲಕೋಟೆ, ಎಲ್ಲದರ ಮೇಲೂ ಜಿಲ್ಲಾ ಧಾರವಾಡ ಎಂದಿತ್ತು. ಈಗ ಎಲ್ಲ ಹೊಸದಾಗಿ ಅಚ್ಚಾಗಬೇಕು. ಶಿರಹಟ್ಟಿಯ ಕಚೇರಿಯವರು ಬಂದರು, ಮುಂಡರಗಿಯವರು ಬಂದರು, ಲಕ್ಷ್ಮೇಶ್ವರದ ಶಾಲೆಗಳವರು ಬಂದರು. ಕಾಗದದ ದಿಂಡು ಮಾಳಿಗೆಗೆ ಮುಟ್ಟಿತು. ಆಗ ಬೈಂಡಿಂಗಿಗೆ ಹರ್ತಿಯಿಂದ ಬರುವ ಹುಡುಗಿಯೊಬ್ಬಳಿದ್ದಳು. ಇಪ್ಪತ್ತರ ಒಳಗಿನ ವಯಸ್ಸು, ತಂದೆ ಇಲ್ಲ, ಬೆಳಗಿನ ಮೊದಲ ಬಸ್ಸಿಗೆ ಬರುವಳು. ಅವಳ ಕೈ ನನ್ನ ಕೈಗಿಂತ ಚುರುಕು. ನಾನು ಹತ್ತು ಹಾಳೆ ಮಡಚುವಷ್ಟರಲ್ಲಿ ಅವಳದು ಹದಿನೈದು ಆಗುತ್ತಿತ್ತು. ಲಗ್ನ ಗೊತ್ತಾಗಿತ್ತು.

ಒಂದು ಶನಿವಾರ ಸಂಜೆ ಮಾಲಕರು ಬಂದು, ಸೋಮವಾರ ಮುಂಜಾನೆ ಒಂದು ಕಚೇರಿಗೆ ನಮೂನೆಗಳು ಮುಟ್ಟಬೇಕು, ನಾಳೆ ರವಿವಾರವೂ ಕೆಲಸ ಎಂದರು.

ಮಾಸ್ತರರು ಹೇಳಿದರು: "ನಾ ಮುಂಜಾನಿ ಬರೂದಿಲ್ರಿ. ಪ್ರಾರ್ಥನಿ ಮುಗಿಸಿ ಎರಡಕ್ಕ ಬರ್ತೀನಿ. ರಾತ್ರಿ ಎಷ್ಟೊತ್ತಾದರೂ ನಿಂತು ಮುಗಸ್ತೀನಿ."

"ಎರಡಕ್ಕ ಸುರು ಮಾಡಿದ್ರ ಆಗೂದಿಲ್ಲ ಮಾಸ್ತರ. ಒಂದು ರವಿವಾರ ಹೋಗದಿದ್ರ ನಿಮ್ಮ ದೇವ್ರೇನು ಹಾಜರಿ ತಗೋತಾನ?"

"ತಗೋತಾನೋ ಇಲ್ಲೋ, ನಾ ಹೊಕ್ಕೀನ್ರಿ."

"ಹೋಗ್ರಿ ಹಂಗಾರ. ಕೀಲಿ ಕೊಟ್ಟು ಹೋಗ್ರಿ. ನಮ್ಮ ಹುಡುಗ ನೋಡ್ಕೋತಾನ."

ಅವರ ಹುಡುಗ ಎಂದರೆ ಮಾಲಕರ ಹೆಂಡತಿಯ ತಮ್ಮ. ಮೂವತ್ತು ದಾಟಿದವನು. ಕಟಿಂಗ್ ಯಂತ್ರ ನೋಡಿದ್ದನೇ ಹೊರತು ನಡೆಸಿ ಗೊತ್ತಿಲ್ಲ. ಮಾಸ್ತರರ ಕೈ ಸೊಂಟದ ಕೀಲಿಯ ಮೇಲೆ ಹೋಯಿತು. ಮಾತು ಬೆಳೆಸಿದರೆ ರವಿವಾರ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ದಾರ ಬಿಚ್ಚಿ ಕೀಲಿ ಕೊಟ್ಟರು. ನಾನು ನೋಡಿದೆ.

ರವಿವಾರ ನಾವು ನಾಲ್ಕು ಜನ. ಚಾಚಾ ಆ ಕಡೆ ಅಚ್ಚಿನ ಯಂತ್ರಕ್ಕೆ. ಕಟಿಂಗಿಗೆ ಮಾಲಕರ ಭಾವಮೈದುನ, ದಿಂಡು ಇಡಲು ಹರ್ತಿಯ ಹುಡುಗಿ, ಕತ್ತರಿಸಿದ್ದನ್ನು ತೆಗೆಯಲು ನಾನು. ಮೊದಲ ದಿಂಡಿಗೆ ನಮ್ಮಿಬ್ಬರ ಕೈ ತಾವಾಗಿಯೇ ಮೇಲೆ ಹೋದವು. ಅವನು ನಕ್ಕ.

"ಅಕ್ಕಾರ, ಇದೇನು? ಮಾಸ್ತರ ಚರ್ಚಿನ್ಯಾಗ ಎತ್ತಾಕತ್ತಾನ, ಅಷ್ಟ ಸಾಕು. ಇವತ್ತರ ನಿಮ್ಮ ಕೈಗೆ ಸೂಟಿ ಕೊಡ್ರಿ."

ನಾವೂ ನಕ್ಕೆವು. ಮಾಸ್ತರರಿಲ್ಲದ ದಿನ ಶಾಲೆಯಲ್ಲಿ ಮಕ್ಕಳಿಗೆ ಆಗುವಂಥ ಖುಷಿ. ಅವರ ದೇವರ ಕೆಲಸ, ಅವರೇ ಇಲ್ಲವೆಂದ ಮೇಲೆ ನಮಗೇಕೆ ಎಂದುಕೊಂಡೆವು. ಆಮೇಲೆ ಯಾರೂ ಕೂಗಲಿಲ್ಲ, ಯಾರೂ ಎತ್ತಲಿಲ್ಲ. ಕೆಲಸ ಬೇಗ ಸಾಗುತ್ತಿದೆ ಎಂದೂ ಅನಿಸಿತು.

ಹನ್ನೊಂದರ ಸುಮಾರಿಗೆ ಒಂದು ದಿಂಡಿನ ಅಂಚು ಸರಿಯಿರಲಿಲ್ಲ. ಹುಡುಗಿ ಬಲಗೈ ಚಾಚಿ ಒತ್ತಿದಳು. ಅವನು ಚಹಾದವನು ಬಂದನೇ ಎಂದು ಬಾಗಿಲ ಕಡೆ ನೋಡುತ್ತ ಹಿಡಿಕೆ ಎಳೆದ.

ಹೆಬ್ಬೆರಳು ಉಳಿಯಿತು. ನಾಲ್ಕು ಹೋದವು. ಅವಳು ಕೂಗಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು ಅದನ್ನೇ ನೋಡುತ್ತ ನಿಂತಳು. ಕೂಗಿದ್ದು ಭಾವಮೈದುನ. ಚಾಚಾ ಓಡಿ ಬಂದು, ಯಂತ್ರ ಒರೆಸುವ ನೂಲಿನ ಚಿಂದಿಯಲ್ಲಿ ಕೈ ಸುತ್ತಿ, ಆಟೋ ಮಾಡಿಕೊಂಡು ದವಾಖಾನೆಗೆ ಒಯ್ದ. ಬೆರಳುಗಳನ್ನು ಕಾಗದದ ತುಂಡುಗಳ ನಡುವೆ ಹುಡುಕಿ ತೆಗೆದವಳು ನಾನು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹಿಂದೆಯೇ ಓಡಿದೆ. ಡಾಕ್ಟರು ಚೀಲ ನೋಡಿ, "ಇನ್ನು ಇದರಿಂದ ಏನೂ ಆಗುವುದಿಲ್ಲಮ್ಮ" ಎಂದರು. ರಕ್ತ ತಾಗಿದ ನಮೂನೆಗಳನ್ನು ಮಾಲಕರು ಬೇರೆ ತೆಗೆಸಿದರು. ಉಳಿದವು ಸೋಮವಾರ ಮುಂಜಾನೆ ಹೇಳಿದ ಹೊತ್ತಿಗೆ ಕಚೇರಿ ಮುಟ್ಟಿದವು.

ಎರಡಕ್ಕೆ ಸರಿಯಾಗಿ ಮಾಸ್ತರರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಊಟದ ಡಬ್ಬಿ. ನಾನು ನೆಲ ತೊಳೆಯುತ್ತಿದ್ದೆ. ನೀರಿನ ಬಣ್ಣ ನೋಡಿ ಕೇಳಿದರು, "ಯಾರದು?"

ಹೇಳಿದೆ.

"ಕೈ ಅಂತ ಯಾರೂ ಕರೀಲಿಲ್ಲ?"

"ನೀವ ಇರಲಿಲ್ಲಲ್ರಿ ಮಾಸ್ತರ್ರ. ಅದು ನಿಮ್ಮ ದೇವ್ರ ಕೆಲಸ ಅಂತ ತಿಳದಿದ್ವಿ."

ಅವರು ಡಬ್ಬಿ ಕೆಳಗಿಟ್ಟು ಒಂದು ದಿಂಡಿನ ಮೇಲೆ ಕೂತರು. "ದೇವ್ರದಲ್ಲ ತಂಗಿ, ಅದು ಬ್ಲೇಡಿಂದು" ಎಂದರು. ಮತ್ತೆ ಹೇಳಿದರು: "ನೀವು ಹಂಗ ತಿಳಕೊಂಡೀರಿ ಅಂತ ನನಗ ಗೊತ್ತಿತ್ತು. ಇಷ್ಟು ಮಂದಿ ನನ್ನ ಮಾತಿಗೆ ಕೈ ಎತ್ತೂದು ನೋಡಿ ಒಳಗ ಖುಷಿ ಆಕ್ಕಿತ್ತು. ಅದಕ್ಕ ಬಿಡಿಸಿ ಹೇಳಲಿಲ್ಲ." ನನಗೆ ಸಿಟ್ಟು ಬಂತು. ನಾನು ನೆಲ ತೊಳೆಯುವುದು ಮುಂದುವರಿಸಿದೆ.

ವಾರ ಕಳೆದು ಕಾರ್ಮಿಕರ ಕಚೇರಿಯಿಂದ ಇನ್‌ಸ್ಪೆಕ್ಟರ್ ಬರುವವರಿದ್ದರು. ಹಿಂದಿನ ದಿನವೇ ಮಾಲಕರು ನಮ್ಮನ್ನೆಲ್ಲ ಕೂಡಿಸಿ ಏನು ಹೇಳಬೇಕೆಂದು ಪಾಠ ಮಾಡಿದರು: ಆ ಹುಡುಗಿ ನಮ್ಮಲ್ಲಿ ಕೆಲಸಕ್ಕೆ ಇರಲಿಲ್ಲ. ರವಿವಾರ ನನ್ನನ್ನು ಕಾಣಲು ಬಂದಿದ್ದಳು. ಯಾರೂ ಇಲ್ಲದಾಗ ಯಂತ್ರದೊಳಗೆ ಕೈ ಹಾಕಿ ತಾನೇ ಹಿಡಿಕೆ ಎಳೆದುಕೊಂಡಳು. ಹಾಜರಿ ಪುಸ್ತಕದಲ್ಲಿ ನಮ್ಮ ಹೆಂಗಸರ ಯಾರ ಹೆಸರೂ ಇರಲಿಲ್ಲ, ಆದ್ದರಿಂದ ಸುಳ್ಳು ಸುಲಭವಿತ್ತು. ಮಾಸ್ತರರ ಕಡೆ ತಿರುಗಿ ಮಾಲಕರು ಬಹಳ ಮೆತ್ತಗೆ ಹೇಳಿದರು:

"ನೀವು ಸುಳ್ಳು ಹೇಳೂದು ಬ್ಯಾಡ ಮಾಸ್ತರ, ನಿಮ್ಮ ಧರ್ಮ ನನಗ ಗೊತ್ತೈತಿ. ನಾ ಪ್ರಾರ್ಥನಿಗೆ ಹೋಗಿದ್ದೆ, ಇರಲಿಲ್ಲ ಅನ್ರಿ. ಖರೇನ ಐತೆಲ್ಲ?"

ಇನ್‌ಸ್ಪೆಕ್ಟರ್ ಬಂದರು. ಭಾವಮೈದುನ ಹೇಳಿದ. ಚಾಚಾ ನೆಲ ನೋಡುತ್ತ ಹೇಳಿದ. ನಾನೂ ಹೇಳಿದೆ, ಕೆಳಗೆ ಸಹಿ ಮಾಡಿದೆ. ನನ್ನ ಮನೆಯಲ್ಲೂ ಉಣ್ಣುವ ಬಾಯಿಗಳಿದ್ದವು. ಅದನ್ನು ಹೇಳಿ ಮಾಫಿ ಕೇಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ.

ಕಡೆಗೆ ಮಾಸ್ತರರು.

"ನಾ ಪ್ರಾರ್ಥನಿಗೆ ಹೋಗಿದ್ದೆ ಖರೆ ಐತ್ರಿ. ಹೋಗೂ ಮುಂದ ಯಂತ್ರದ ಕೀಲಿ ಕೊಟ್ಟು ಹೋದೆ. ತಗೊಂಡವರಿಗೆ ಯಂತ್ರ ಗೊತ್ತಿಲ್ಲ ಅನ್ನೂದು ನನಗ ಗೊತ್ತಿತ್ತು. ಕೀಲಿ ಕೊಟ್ಟಿದ್ದಕ್ಕ ನನಗ ರವಿವಾರ ಸಿಕ್ಕಿತು. ಆ ಹುಡುಗಿ ಎರಡು ವರ್ಷದಿಂದ ಇಲ್ಲೇ ದುಡಿತಾಳ. ಆ ದಿನಾ ಕೆಲಸಕ್ಕಂತನ ಕರಸಿದ್ರು."

ಇನ್‌ಸ್ಪೆಕ್ಟರ್ ಪೆನ್ನು ಎತ್ತಿದರು. "ಹಿಂಗ ಬರದ್ರ ನಿಮ್ಮ ಮ್ಯಾಲೂ ತಪ್ಪು ಬರ್ತೈತಿ, ನೋಡ್ರಿ."

"ಮೊದಲ ಅದನ್ನ ಬರೀರಿ. ಉಳದದ್ದು ಆಮ್ಯಾಲ."

ಬರೆದುಕೊಂಡು ಹೋದರು. ಆದರೆ ಅವರ ಹೇಳಿಕೆ ಒಂದು, ನಮ್ಮವು ಮೂರು. ಮೂರು ಗೆದ್ದವು. ಹುಡುಗಿ ಪ್ರೆಸ್ಸಿನವಳೇ ಅಲ್ಲ, ತಪ್ಪು ಅವಳದೇ ಎಂದು ಕಾಗದದಲ್ಲಿ ಆಯಿತು. ದವಾಖಾನೆಯ ಖರ್ಚು ಮಾಲಕರು ಧರ್ಮಕ್ಕೆಂದು ಕೊಟ್ಟರು. ಗೊತ್ತಾಗಿದ್ದ ಲಗ್ನ ಮುರಿಯಿತು. ಬೆಳ್ಳಟ್ಟಿಯ ಬೀಗರು, ಹುಡುಗಿಗೆ ಬುದ್ಧಿ ಇಲ್ಲ, ಯಂತ್ರದೊಳಗೆ ಕೈ ಇಟ್ಟು ತಾನೇ ಹಿಡಿಕೆ ಎಳೆಯುತ್ತಾಳೆ ಎಂದರಂತೆ. ಬೆರಳಿಲ್ಲ ಎಂಬುದಕ್ಕಿಂತ ಆ ಮಾತೇ ಅವಳಿಗೆ ಹೆಚ್ಚು ಹತ್ತಿತು. ಸುಳ್ಳು ಅಷ್ಟು ದೂರ ಹೋಗುತ್ತದೆ ಎಂದು ಸಹಿ ಮಾಡುವಾಗ ನನಗೆ ಹೊಳೆದಿರಲಿಲ್ಲ.

ಮಾಸ್ತರರನ್ನು ಹೇಳಿಕೆ ಕೊಟ್ಟ ದಿನವೇ ಕೆಲಸದಿಂದ ತೆಗೆದರು. ಗದಗಿನ ಬೇರೆ ಯಾವ ಪ್ರೆಸ್ಸೂ ಅವರನ್ನು ಇಟ್ಟುಕೊಳ್ಳಲಿಲ್ಲ. ಮಾಲಕರೆಲ್ಲ ಒಂದೇ ಕಡೆ ಚಹಾ ಕುಡಿಯುವವರು. ಮನೆಯಲ್ಲೇ ಕೂತು, ಗಂಡ ಹೆಂಡತಿ ಇಬ್ಬರೂ ಹಳೆಯ ಪೇಪರಿನ ಚೀಲ ಮಾಡಿ ಕಿರಾಣಿ ಅಂಗಡಿಗಳಿಗೆ ಹಾಕಿದರು. ಆ ಚೀಲಗಳ ಅಂಚು ಮಾತ್ರ ಪ್ರೆಸ್ಸಿನ ಕೆಲಸದಷ್ಟೇ ನೇರ ಇರುತ್ತಿತ್ತು.

ರವಿವಾರ ಮುಂಜಾನೆ ಚರ್ಚು ಬಿಡಲಿಲ್ಲ. ನಾನು ಒಮ್ಮೆ ಮುಖದ ಮೇಲೇ ಕೇಳಿದೆ: "ಇನ್ನೂ ಹೊಕ್ಕೀರಿ? ಅಷ್ಟೆಲ್ಲ ಆದ ಮ್ಯಾಲೂ?"

"ಈಗ ಹೋಗಲಿಲ್ಲಂದ್ರ ಮತ್ತ ಯಾವಾಗ ಹೋಗಲಿ ತಂಗಿ?" ಎಂದರು.

ಚರ್ಚಿನಿಂದ ಹೊರಟು ಸೈಕಲ್ಲಿನ ಮೇಲೆ ಹರ್ತಿಗೆ ಹೋಗುತ್ತಿದ್ದರು. ಮೊದಲ ಸಲ ಹುಡುಗಿಯ ತಾಯಿ ಮುಸುರೆಯ ನೀರು ಎರಚಿದಳಂತೆ. ಒದ್ದೆ ಅಂಗಿಯಲ್ಲೇ ತಿರುಗಿ ಬಂದರು. ಮುಂದಿನ ರವಿವಾರ ಮತ್ತೆ ಹೋದರು. ಹೊರಗೆ ಬಿದ್ದಿದ್ದ ಕಟ್ಟಿಗೆ ಒಡೆದಿಟ್ಟು ಬಂದರು. ಹೀಗೆ ಎಷ್ಟೋ ವಾರ. ಆಮೇಲೆ ಬಾಗಿಲು ತೆರೆದೇ ಇರುತ್ತಿತ್ತು, ಆದರೆ ಬಾ ಎಂದು ಯಾರೂ ಹೇಳಲಿಲ್ಲ. ಕಟ್ಟಿಗೆ ಒಡೆಯುವರು, ನೀರು ತುಂಬುವರು, ಬಿದ್ದ ಮಣ್ಣಿನ ಗೋಡೆ ಮೆತ್ತುವರು, ಬರುವರು. ಹುಡುಗಿ ಒಂದೇ ಒಂದು ಸಲ ಮಾತಾಡಿದಳಂತೆ. ಅದನ್ನು ಅವರೇ ನನಗೆ ಹೇಳಿದರು.

"ನಿಮ್ಮ ದೇವ್ರು ನಿಮಗ ಮಾಫ ಮಾಡಿರಬಹುದು. ನಾ ಮಾಡಿಲ್ಲ" ಎಂದಳಂತೆ.

"ಮತ್ತ ನೀವೇನಂದ್ರಿ?"

"ಏನನ್ನಲಿ? ಮಾಡೂದು ಬಿಡೂದು ನಿನ್ನ ಕೈಯಾಗ ಐತವ್ವಾ ಅಂದೆ. ಕಟ್ಟಿಗಿ ಅರ್ಧಾ ಉಳದಿತ್ತು, ಒಡದೆ."

ನನ್ನ ಮೇಲೆ ಅವರು ಒಂದು ದಿನವೂ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಪ್ರತಿ ವರ್ಷ ಕ್ರಿಸ್‌ಮಸ್ಸಿಗೆ ಕರ್ಚಿಕಾಯಿ, ಚಕ್ಕುಲಿ ತಂದು ಕೊಡುವರು. ಕಟ್ಟೆಯ ಮೇಲೆ ಕೂತು ನೀರು ಕುಡಿದು, ಏಳುವಾಗ ಕೇಳುವರು: "ತಂಗಿ, ಆ ಹೇಳಿಕಿ ಇನ್ನೂ ಬದಲಿ ಮಾಡಿ ಕೊಡಬಹುದು. ಈ ವರ್ಷ ಬರ್ತೀಯೇನು?"

"ಇಲ್ರಿ ಮಾಸ್ತರ್ರ."

"ಆತು."

ಅಷ್ಟೇ. ಮುಂದಿನ ವರ್ಷ ಮತ್ತೆ ಅದೇ ಮಾತು, ಅದೇ ಉತ್ತರ. ಒಂದು ವರ್ಷ ನಾನು ಅವರು ಬರುವುದನ್ನು ಕಂಡು ಹಿತ್ತಲಿಗೆ ಹೋಗಿ ಕೂತೆ. ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟು, "ನಿಮ್ಮತ್ತಿಗೆ ನಾ ಕೇಳೀನಿ ಅಂತ ಹೇಳವಾ" ಎಂದು ಹೋದರು. ಸೊಸೆ ಏನು ಕೇಳಿದರು ಎಂದಳು. ಆರಾಮ ಇದ್ದೀಯೇನು ಎಂದು ಕೇಳಿದ್ದಾರೆ ಎಂದೆ.

ವರ್ಷಗಳು ಹೋದವು. ಪ್ರೆಸ್ಸಿನ ಮಾಲಕರು ತೀರಿಕೊಂಡರು, ಮಗ ಹೊಸ ಯಂತ್ರ ಹಾಕಿದ, ನನ್ನ ಕಣ್ಣು ಮಂಜಾಗಿ ಕೆಲಸ ಬಿಟ್ಟೆ. ಹರ್ತಿಯ ತಾಯಿಯೂ ಸತ್ತಳು. ಮಾಸ್ತರರಿಗೆ ದಮ್ಮು ಹತ್ತಿತು. ಅಷ್ಟು ವರ್ಷ ನುಂಗಿದ ಕಾಗದದ ಪುಡಿ ಎದೆಯಲ್ಲೇ ಕೂತಿದೆ ಎಂದು ಡಾಕ್ಟರು ಹೇಳಿದ್ದರು. ಆ ವರ್ಷ ಕ್ರಿಸ್‌ಮಸ್ಸಿಗೆ ಅವರು ಬರಲಿಲ್ಲ. ನಾನೇ ಹೋದೆ.

ಗೋಡೆಗೆ ಒರಗಿಸಿ ಕೂಡಿಸಿದ್ದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಬ್ಲೇಡು ಮಸೆಯುವ ಮಾತಾಡಿದರು, ಚಾಚಾ ಬಂದು ಹೋದದ್ದು ಹೇಳಿದರು. ಒಂದೊಂದು ಮಾತಿಗೂ ನಿಲ್ಲುತ್ತಿದ್ದರು. ನಾನು ಆ ಪ್ರಶ್ನೆ ಬರುತ್ತದೆ ಎಂದು ಕಾದೆ. ಬರಲಿಲ್ಲ. ಎದ್ದೆ. ಬಾಗಿಲಲ್ಲಿ ನಿಂತು ನಾನೇ ಹೇಳಿದೆ:

"ಮಾಸ್ತರ್ರ, ಈ ವರ್ಷ ಕೇಳಲಿಲ್ಲಲ್ರಿ."

ಅವರು ಉಸಿರು ಕೂಡಿಸಿಕೊಂಡರು. "ಕೇಳೂದು ನನ್ನ ಕೆಲಸಿತ್ತು. ಮುಗೀತು. ಇನ್ನ ಉಳದದ್ದು ನಿಂದು."

ಹೊಸ ವರ್ಷ ಬರುವುದರೊಳಗೆ ಹೋದರು. ಚರ್ಚಿನಲ್ಲಿ ಪಾದ್ರಿಯವರು ಅವರ ನಂಬಿಗಸ್ತಿಕೆಯ ಬಗ್ಗೆ ಒಳ್ಳೆಯ ಮಾತಾಡಿದರು. ಪ್ರೆಸ್ಸಿನ ಸುದ್ದಿ ತೆಗೆಯಲಿಲ್ಲ. ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಚಾಚಾನೂ ಇದ್ದ, ಆ ವಯಸ್ಸಿನಲ್ಲಿ. ಹರ್ತಿಯವಳು ಗೇಟಿನ ಹೊರಗೆ ನಿಂತಿದ್ದಳು. ಬಲಗೈಗೆ ಸೆರಗು ಸುತ್ತಿಕೊಂಡಿದ್ದಳು. ಅಳಲಿಲ್ಲ. ಮಣ್ಣು ಮುಚ್ಚುವ ತನಕ ನಿಂತು, ಬಸ್ಸಿಗೆ ಹೋದಳು. ಅವಳು ನನ್ನ ಕಡೆ ನೋಡಲಿಲ್ಲ.

ಸಂಕ್ರಾಂತಿಯಾದ ಮೇಲೆ ನಾನು ಕಾರ್ಮಿಕರ ಕಚೇರಿಗೆ ಹೋದೆ. ಅಲ್ಲಿದ್ದ ಕ್ಲಾರ್ಕನಿಗೆ ಆ ಕಾಲದಲ್ಲಿ ಮೀಸೆ ಮೂಡಿರಲಿಕ್ಕಿಲ್ಲ. ಕಡತ ಎಲ್ಲಿದೆಯೋ ಗೊತ್ತಿಲ್ಲ, ಪ್ರಕರಣ ಎಂದೋ ಮುಗಿದಿದೆ ಎಂದ.

"ಈಗ ಹೇಳಿ ಏನು ಉಪಯೋಗ ಅಜ್ಜಿ?"

"ಉಪಯೋಗ ಕೇಳಾಕ ನಾ ಬಂದಿಲ್ಲಪಾ. ಬರಕೋ."

ಅವನು ಬರೆಯಲಿಲ್ಲ, ಒಂದು ಹಾಳೆ ಕೊಟ್ಟ. ಬೆಂಚಿನ ಮೇಲೆ ಕೂತು ನಾನೇ ಬರೆದೆ. ಆ ಹುಡುಗಿ ನಮ್ಮ ಸಂಗಡ ಕೆಲಸ ಮಾಡುತ್ತಿದ್ದಳು, ಮಾಲಕರು ಕರೆಸಿದ್ದರು, ಹಿಡಿಕೆ ಎಳೆದವಳು ಅವಳಲ್ಲ, ಮಾಲಕರ ಭಾವಮೈದುನ, ನಾನು ಸುಳ್ಳು ಸಹಿ ಮಾಡಿದೆ. ಮಧ್ಯಾಹ್ನ ಪೂರ್ತಿ ಹಿಡಿಯಿತು. ಅದರ ಮೇಲೆ ಒಂದು ಶಿಕ್ಕೆ ಒತ್ತಿಸಿ, ಝೆರಾಕ್ಸ್ ಮಾಡಿಸಿಕೊಂಡೆ. ಇದರಲ್ಲಿ ನನ್ನ ದೊಡ್ಡತನ ಏನೂ ಇಲ್ಲ. ಕೆಲಸ ಹೋಗುವ ಭಯವಿಲ್ಲ, ಮಾಲಕರಿಲ್ಲ. ನಷ್ಟವಿಲ್ಲದಾಗ ಹೇಳುವ ಸತ್ಯ ಬಹಳ ಸೋವಿ. ಮಾಸ್ತರರು ತುಟ್ಟಿ ಇದ್ದಾಗ ಕೊಂಡರು.

ಝೆರಾಕ್ಸು ತೆಗೆದುಕೊಂಡು ಹರ್ತಿಗೆ ಹೋದೆ. ಅವಳು ಕಟ್ಟೆಯ ಮೇಲೆ ಕೂತು, ಎಡಗೈಯಲ್ಲಿ ಹಾಳೆ ಹಿಡಿದು, ಎರಡು ಸಲ ಓದಿದಳು. ತಲೆಯಲ್ಲಿ ಬಿಳಿ ಕೂದಲು ಬಂದಿದ್ದವು.

"ಇದನ್ನ ಬೆಳ್ಳಟ್ಟಿಯವರಿಗೆ ಈಗ ತೋರಿಸಲೇನು?" ಎಂದಳು.

ಹಾಳೆಯನ್ನು ತೊಡೆಯ ಮೇಲಿಟ್ಟಳು.

"ಮಾಸ್ತರ್ರಿಗೆ ನಾ ಮಾಫ ಮಾಡಲಿಲ್ಲ. ಕಡೀ ತನಕ ಮಾಡಲಿಲ್ಲ."

"ಗೊತ್ತೈತಿ."

"ನಿನಗೂ ಮಾಡೂದಿಲ್ಲ."

"ಬ್ಯಾಡ."

ಅವಳು ಹಾಳೆ ಮಡಚಿ ಒಳಗೆ ಒಯ್ದಳು. ಒಳಗಿನಿಂದಲೇ ಕೇಳಿದಳು: "ರೊಟ್ಟಿ ಬಡಿಯಾಕ ಇನ್ನೂ ಬರ್ತೈತೇನು ನಿನಗ? ಅವ್ವ ಸತ್ತಾಗಿಂದ ಮಂದಿ ಮನಿ ರೊಟ್ಟಿ ತಂದು ತಿನ್ನಾಕತ್ತೀನಿ. ಒಂದು ಕೈಲೆ ಬಡಿಯಾಕ ಬರೂದಿಲ್ಲ."

ಬರುತ್ತದೆ ಎಂದೆ.

ನಾನು ಅವರ ದೇವರಿಗೆ ಹೋದವಳಲ್ಲ, ಹೋಗುವುದೂ ಇಲ್ಲ. ರವಿವಾರ ಮುಂಜಾನೆ ಬೆಟಗೇರಿಯಲ್ಲಿ ಚರ್ಚಿನ ಗಂಟೆ ಹೊಡೆಯುವ ಹೊತ್ತಿಗೆ ನಾನು ಹರ್ತಿಯ ಬಸ್ಸಿನಲ್ಲಿರುತ್ತೇನೆ. ಅವಳು ಒಲೆ ಹೊತ್ತಿಸಿ, ಹಿಟ್ಟಿನ ಬುಟ್ಟಿ ಮುಂದಿಟ್ಟು, ಹೊರಗೆ ಹೋಗಿ ಕೂರುತ್ತಾಳೆ. ವಾರಕ್ಕೆ ಆಗುವಷ್ಟು ಖಡಕ್ ರೊಟ್ಟಿ ಬಡಿದು, ಬಟ್ಟೆಯಲ್ಲಿ ಸುತ್ತಿ ಇಟ್ಟು, ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ.